ಇಲ್ಲಿ 'ಎ' ಹಾಕ್ಬೇಕಾ, 'ದಿ' ಹಾಕ್ಬೇಕಾ ಅಕ್ಕಾ?

'ಮೈಸೆಲ್ಫ್ ಮಂಜುನಾಥ' ಎಂದು ಶುರುವಾಗುವ ಬಯೋಡೇಟಾ ನನ್ನ ಅಂಗಡಿಗೆ ವಾರಕ್ಕೊಂದಾದರೂ ಬರುತ್ತದೆ. ಹೆಸರು ಬದಲಾಗುತ್ತದೆ, ಆ 'ಮೈಸೆಲ್ಫ್' ಮಾತ್ರ ಕದಲುವುದಿಲ್ಲ. ಇದನ್ನು ಕಂಡು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ, ಏಕೆಂದರೆ ಆ ಹುಡುಗ ಬರೆದಿರುವುದು ಅಚ್ಚುಕಟ್ಟಾದ ಕನ್ನಡ ವಾಕ್ಯ. 'ನಾನು ಮಂಜುನಾಥ' ಎನ್ನುವಲ್ಲಿ ಕ್ರಿಯಾಪದ ಎಲ್ಲಿದೆ? ಇಲ್ಲ, ಬೇಕಾಗಿಯೂ ಇಲ್ಲ. 'ಅವರು ಡಾಕ್ಟರು', 'ಇದು ನಮ್ಮ ಮನೆ' ಅಂದರೆ ನಮಗೆ ಮಾತು ಮುಗಿಯಿತು. ಇಂಗ್ಲಿಷಿನಲ್ಲಿ ನಡುವೆ ಒಂದು 'ಆ್ಯಮ್' ಅಥವಾ 'ಈಸ್' ಇಲ್ಲದೆ ವಾಕ್ಯ ಎದ್ದು ನಿಲ್ಲುವುದೇ ಇಲ್ಲ. 'ಐ ಮಂಜುನಾಥ' ಎಂದರೆ ತೀರಾ ಬೋಳಾಯಿತು ಅನ್ನಿಸಿ ಯಾರೋ ಎಂದೋ ಅಲ್ಲಿ 'ಮೈಸೆಲ್ಫ್' ಅನ್ನು ತಂದು ಕೂರಿಸಿರಬೇಕು. ಅದನ್ನು ತೆಗೆದು 'ಐ ಆ್ಯಮ್ ಮಂಜುನಾಥ' ಎಂದು ಮಾಡಿದರೆ ಸಾಕು. ಬಯೋಡೇಟಾದಲ್ಲಾದರೆ ಅದೂ ಬೇಡ, ಹೆಸರು ಮೇಲುಗಡೆಯೇ ಇರುತ್ತದಲ್ಲ.

ನನ್ನದು ಶಿವಮೊಗ್ಗದಲ್ಲಿ, ಕೋರ್ಟಿಗೆ ಹೋಗುವ ಬೀದಿಯಲ್ಲಿ, ಜಾಬ್ ಟೈಪಿಂಗ್ ಮತ್ತು ಡಿ.ಟಿ.ಪಿ. ಅಂಗಡಿ. ಟೈಪ್‌ರೈಟರ್ ಕಾಲದಲ್ಲಿ ಇಂಗ್ಲಿಷ್ ಸೀನಿಯರ್ ಗ್ರೇಡ್ ಪಾಸು ಮಾಡಿ ಕೂತವಳು, ಮಿಷನ್ ಹೋಗಿ ಕಂಪ್ಯೂಟರ್ ಬಂದರೂ ಅದೇ ಕುರ್ಚಿಯಲ್ಲಿದ್ದೇನೆ. ಲಾಯರ್ ಆಫೀಸಿನ ಜೂನಿಯರ್‌ಗಳು, ಕೆಲಸ ಹುಡುಕುವ ಡಿಗ್ರಿ ಮಕ್ಕಳು, ಗಲ್ಫಿಗೆ ಹೊರಟ ನರ್ಸುಗಳು, ಬ್ಯಾಂಕಿಗೆ ಅರ್ಜಿ ಬರೆಸುವ ರೈತರು ಎಲ್ಲರೂ ಬರುತ್ತಾರೆ. ಟೈಪಿಂಗಿಗೆ ಪುಟಕ್ಕಿಷ್ಟು ಎಂದು ರೇಟು ಇದೆ, ವ್ಯಾಕರಣ ಪುಕ್ಕಟೆ. ಪ್ರಿಂಟರಿನ ಪಕ್ಕ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದ ಹಳೆಯ ಪ್ರತಿ ಇದೆ. ಆ ಪಿ.ಸಿ. ರೆನ್ ಎಂಬಾತ 1924ರಲ್ಲಿ 'ಬೋ ಜೆಸ್ಟ್' ಎಂಬ ಮರುಭೂಮಿಯ ಸಾಹಸ ಕಾದಂಬರಿ ಬರೆದು ಹೆಸರು ಮಾಡಿದವನು, ಬ್ರಿಟಿಷ್ ಇಂಡಿಯಾದ ಶಿಕ್ಷಣ ಇಲಾಖೆಯಲ್ಲಿದ್ದವನು ಎಂದು ಹೇಳಿದರೆ ಹುಡುಗರು ನಂಬುವುದಿಲ್ಲ. ಅವನ ಪುಸ್ತಕದಲ್ಲಿ ನಿಯಮಗಳೆಲ್ಲ ಇವೆ. ಆದರೆ ಆ ನಿಯಮವನ್ನು ಕನ್ನಡದವರು ಯಾಕೆ ಅದೇ ಜಾಗದಲ್ಲಿ ಮುರಿಯುತ್ತಾರೆ ಎಂಬುದು ಅದರಲ್ಲಿಲ್ಲ. ಅದನ್ನು ತಿಳಿಯಲು ಮೊದಲು ಕನ್ನಡದ ವಾಕ್ಯವನ್ನು ನೋಡಬೇಕು. ಕಾರಣವೂ ಅಲ್ಲೇ ಸಿಗುತ್ತದೆ, ಎಷ್ಟೋ ಸಲ ಮದ್ದೂ ಅಲ್ಲೇ ಸಿಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು 'ಎ' ಮತ್ತು 'ದಿ'. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಅದಕ್ಕೇ ನಮಗೆ ಬರುವುದಿಲ್ಲ ಎಂದು ಮೇಷ್ಟ್ರುಗಳೂ ಕೈಚೆಲ್ಲುತ್ತಾರೆ. ಆರ್ಟಿಕಲ್ ಇಲ್ಲ ನಿಜ, ಆದರೆ ಅದು ಮಾಡುವ ಕೆಲಸ ಕನ್ನಡದಲ್ಲಿ ನಡೆಯುತ್ತಲೇ ಇದೆ. ಒಬ್ಬರು ಬಂದು 'ಲೆಟರ್ ಟೈಪ್ ಮಾಡ್ಕೊಡ್ತೀರಾ?' ಅಂತಾರೆ. ಇನ್ನೊಬ್ಬರು ಬಂದು 'ಲೆಟರ್‍ನ ಟೈಪ್ ಮಾಡಿದ್ರಾ?' ಅಂತಾರೆ. ಮೊದಲನೆಯವರ ಲೆಟರ್ ಯಾವುದೆಂದು ನನಗೆ ಗೊತ್ತಿಲ್ಲ. ಎರಡನೆಯವರದು ಇಬ್ಬರಿಗೂ ಗೊತ್ತಿರುವ, ನಿನ್ನೆ ಕೊಟ್ಟುಹೋದ ಲೆಟರ್. ವ್ಯತ್ಯಾಸ ಮಾಡಿದ್ದು ದ್ವಿತೀಯಾ ವಿಭಕ್ತಿಯ 'ಅನ್ನು', ಆಡುಮಾತಿನಲ್ಲಿ ಬರೀ 'ನ'. ಮೊದಲನೆಯದು ಇಂಗ್ಲಿಷಿನಲ್ಲಿ 'ಎ ಲೆಟರ್', ಎರಡನೆಯದು 'ದಿ ಲೆಟರ್'. 'ಕುರ್ಚಿ ತಗೊಂಡು ಬಾ' ಅಂದರೆ ಯಾವುದಾದರೂ ಒಂದು, 'ಕುರ್ಚೀನ ತಗೊಂಡು ಬಾ' ಅಂದರೆ ಅದೇ, ನಾವಿಬ್ಬರೂ ಬಲ್ಲ ಆ ಕುರ್ಚಿ. ಶಾಲೆಗೇ ಹೋಗದ ಅಜ್ಜಿಯೂ ಇದರಲ್ಲಿ ತಪ್ಪುವುದಿಲ್ಲ.

ಇದು ಎಲ್ಲ ಬೀಗಕ್ಕೂ ಆಗುವ ಕೀಲಿಯಲ್ಲ. ಮನುಷ್ಯರ ವಿಷಯ ಬಂದಾಗ ನಾವು 'ಅನ್ನು' ಬಿಡುವುದೇ ಕಡಿಮೆ, ಹಾಗಾಗಿ ಅಲ್ಲಿ ಸುಳಿವು ಸಿಗುವುದಿಲ್ಲ. ವಾಕ್ಯದ ಕರ್ತೃವಿಗಂತೂ 'ಅನ್ನು' ಹತ್ತುವುದೇ ಇಲ್ಲ. ಅಂಥ ಕಡೆ ನಾನು ಬೇರೆ ಪ್ರಶ್ನೆ ಕೇಳುತ್ತೇನೆ: 'ಯಾವುದು?' ಎಂದು ಎದುರಿನವರು ಕೇಳುವ ಹಾಗಿದೆಯಾ? ಕೇಳುವ ಹಾಗಿದ್ದರೆ 'ಎ' ಹಾಕು. ಕೇಳದೆಯೇ ತಿಳಿಯುವ ಹಾಗಿದ್ದರೆ 'ದಿ' ಹಾಕು. ಸೂರ್ಯ ಯಾವುದು ಎಂದು ಯಾರೂ ಕೇಳುವುದಿಲ್ಲ, ಅದಕ್ಕೇ 'ದಿ ಸನ್'.

ಊರು, ನದಿ, ಬೆಟ್ಟಗಳ ಹೆಸರಿಗೆ ಬಂದರೆ ತರ್ಕ ಕೈಕೊಡುತ್ತದೆ, ಅಲ್ಲಿ ಬಾಯಿಪಾಠವೇ ಗತಿ. ನದಿಗೆ 'ದಿ' ಬೇಕು: ದಿ ತುಂಗಾ, ದಿ ಶರಾವತಿ. ಬೆಟ್ಟಸಾಲಿಗೆ ಬೇಕು: ದಿ ವೆಸ್ಟರ್ನ್ ಘಾಟ್ಸ್. ಅದೇ ಸಾಲಿನ ಒಂಟಿ ಬೆಟ್ಟ ಕೊಡಚಾದ್ರಿಗೆ ಬೇಡ. ಶರಾವತಿಗೆ 'ದಿ' ಹಾಕಿದವರು ಅದೇ ನೀರು ಧುಮುಕುವ ಜೋಗ್ ಫಾಲ್ಸ್‌ಗೆ ಹಾಕುವುದಿಲ್ಲ. ಯಾಕೆ ಎಂದು ಕೇಳಿದ ಬಿ.ಕಾಂ. ಹುಡುಗನಿಗೆ 'ಅದು ಹಾಗೇ' ಅಂದೆ. ಭಾಷೆಯಲ್ಲಿ ಎಷ್ಟೋ ಕಡೆ ಅದು ಹಾಗೇ.

'ಎ'ಗೂ 'ಆ್ಯನ್'ಗೂ ಇರುವ ನಿಯಮ ಎಲ್ಲರಿಗೂ ಬರುತ್ತದೆ: ಸ್ವರ ಬಂದರೆ 'ಆ್ಯನ್'. ನೋಡಬೇಕಾದ್ದು ಅಕ್ಷರವನ್ನಲ್ಲ, ಕಿವಿಗೆ ಬೀಳುವ ಸದ್ದನ್ನು ಎಂಬುದೂ ಅರ್ಧ ಜನಕ್ಕೆ ಗೊತ್ತು. ಅದಕ್ಕೇ 'ಎ ಯೂನಿವರ್ಸಿಟಿ' ಮತ್ತು 'ಆ್ಯನ್ ಅವರ್'. ತೊಂದರೆ ಇರುವುದು ನಮ್ಮ ಬಾಯಲ್ಲಿ. ಕನ್ನಡದ ನಾಲಿಗೆ 'ಎ' ಕಾರದ ಹಿಂದೆ ಒಂದು ತೆಳು 'ಯ' ಇಟ್ಟುಕೊಳ್ಳುತ್ತದೆ. 'ಎಲ್ಲಿ' ಎಂದು ಬರೆದು 'ಯೆಲ್ಲಿ' ಅನ್ನುತ್ತೇವೆ. ಅದೇ ಚಾಳಿಯಲ್ಲಿ 'ಯೆಮ್ಮೆಲ್ಲೆ', 'ಯೆಫ್ಫೈಯಾರ್' ಅಂದುಕೊಂಡರೆ ಕಿವಿ 'ಎ' ಬೇಡುತ್ತದೆ, ಇಂಗ್ಲಿಷ್ ಕೇಳುವುದು 'ಆ್ಯನ್ ಎಂ.ಎಲ್.ಎ.', 'ಆ್ಯನ್ ಎಫ್.ಐ.ಆರ್.' ಇದರ ಉಲ್ಟಾ ಕೂಡ ಉಂಟು. ವರ್ಷ ಎನ್ನುವ ಅರ್ಥದ 'ಇಯರ್' ಶುರುವಾಗುವುದು 'ಯ'ಕಾರದಿಂದ. ನಾವು ಆ 'ಯ' ನುಂಗಿ ಕಿವಿಯ 'ಇಯರ್' ಅನ್ನೂ ವರ್ಷದ 'ಇಯರ್' ಅನ್ನೂ ಒಂದೇ ಮಾಡಿ 'ಆ್ಯನ್ ಇಯರ್' ಅನ್ನುತ್ತೇವೆ. ಕಿವಿಗೆ 'ಆ್ಯನ್' ಸರಿ, ವರ್ಷಕ್ಕೆ 'ಎ'. ಇಂಗ್ಲಿಷ್ ಬಲ್ಲ ಲಾಯರುಗಳ ಡ್ರಾಫ್ಟಿನಲ್ಲೂ ಈ 'ಆ್ಯನ್ ಇಯರ್' ನೋಡಿದ್ದೇನೆ. ಸುಮ್ಮನೆ ತಿದ್ದಿ ಕೊಡುತ್ತೇನೆ, ಹೇಳಲು ಹೋಗುವುದಿಲ್ಲ.

ಬಯೋಡೇಟಾದಲ್ಲಿ ಎರಡನೆಯ ದೊಡ್ಡ ಎಡವು 'ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್'. ಇದರಲ್ಲಿ ಎರಡು ತಪ್ಪಿವೆ, ಎರಡಕ್ಕೂ ತಾಯಿ ಕನ್ನಡ. 'ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ' ಎಂಬುದರಲ್ಲಿ 'ಇಂದ' ಇದೆ, '2019ರಿಂದ ಕೆಲಸ ಮಾಡ್ತಿದ್ದೀನಿ' ಎಂಬುದರಲ್ಲೂ ಅದೇ 'ಇಂದ' ಇದೆ. ಇಂಗ್ಲಿಷಿಗೆ ಅವು ಎರಡು ಬೇರೆ ಸಂಗತಿ. ಕಾಲದ ಉದ್ದ ಹೇಳಿದರೆ 'ಫಾರ್', ಶುರುವಾದ ಗಳಿಗೆ ಹೇಳಿದರೆ 'ಸಿನ್ಸ್'. ನಮ್ಮ 'ಇಂದ'ವನ್ನು ಬೇರ್ಪಡಿಸಲು ಒಂದು ಉಪಾಯ ಉಂಟು. 'ಎಷ್ಟು ವರ್ಷದಿಂದ?' ಎಂಬ ಪ್ರಶ್ನೆಗೆ ಉತ್ತರವಾದರೆ 'ಫಾರ್ ಟೂ ಇಯರ್ಸ್'. 'ಯಾವಾಗಿನಿಂದ?' ಎಂಬ ಪ್ರಶ್ನೆಗೆ ಉತ್ತರವಾದರೆ 'ಸಿನ್ಸ್ 2019'. ಇನ್ನು ಕ್ರಿಯಾಪದ. 'ಮಾಡ್ತಿದ್ದೀನಿ' ಎಂಬ ವರ್ತಮಾನ ನಮಗೆ ಸಾಕು. ಇಂಗ್ಲಿಷ್ ಅಷ್ಟಕ್ಕೆ ಒಪ್ಪದೆ 'ಹ್ಯಾವ್ ಬೀನ್ ವರ್ಕಿಂಗ್' ಬೇಕೆನ್ನುತ್ತದೆ, ಅಂದಿನಿಂದ ಹಿಡಿದ ಕೆಲಸ ಇಂದಿಗೂ ಕೈಯಲ್ಲಿದೆ ಎಂದು ತೋರಿಸಲು.

ಆದರೆ ಈ 'ಹ್ಯಾವ್' ಬೇಡದ ಕಡೆಗೆ ನಾವೇ ಅದನ್ನು ಎಳೆದು ತರುತ್ತೇವೆ. 'ನಿನ್ನೆ ಅರ್ಜಿ ಕೊಟ್ಟಿದ್ದೇನೆ' ಕನ್ನಡದಲ್ಲಿ ಸರಿ. 'ಐ ಹ್ಯಾವ್ ಗಿವನ್ ದಿ ಅಪ್ಲಿಕೇಷನ್ ಯೆಸ್ಟರ್‌ಡೇ' ಇಂಗ್ಲಿಷಿನಲ್ಲಿ ಸರಿಯಲ್ಲ. ನಿನ್ನೆ, ಮೊನ್ನೆ, ಕಳೆದ ವಾರ ಎಂದು ದಿನ ಹೇಳಿದಿರೋ, 'ಹ್ಯಾವ್' ಬಿಟ್ಟು ಬರೀ 'ಗೇವ್' ಅನ್ನಬೇಕು.

'ಐ ಆ್ಯಮ್ ಹ್ಯಾವಿಂಗ್ ಟೂ ಸನ್ಸ್', 'ಐ ಆ್ಯಮ್ ನೋಯಿಂಗ್ ಕನ್ನಡ' ಎಂಬ ಇಂಗ್ಲಿಷು ಹಿಂದಿನಿಂದಲೂ ನಗೆಪಾಟಲು. ಮುಂಬೈಯ ಕವಿ ನಿಸ್ಸಿಮ್ ಎಜೆಕಿಯಲ್ ಈ 'ಇಂಗ್' ಚಾಳಿಯನ್ನೇ ಹಿಡಿದು 'ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ.ಎಸ್.' ಎಂಬ ಪದ್ಯ ಬರೆದು ದೇಶವನ್ನೆಲ್ಲ ನಗಿಸಿದರು. ಯಾವ ಕ್ರಿಯಾಪದಕ್ಕೆ 'ಇಂಗ್' ಹಚ್ಚಬಾರದು ಎಂದು ರೆನ್ ಮಹಾಶಯ ಉದ್ದದ ಪಟ್ಟಿ ಕೊಡುತ್ತಾನೆ. ನನ್ನ ಗಿರಾಕಿಗಳಿಗೆ ನಾನು ಆ ಪಟ್ಟಿ ತೋರಿಸುವುದಿಲ್ಲ. 'ಕನ್ನಡದಲ್ಲಿ ಹೇಳು, ನೋಡೋಣ' ಅನ್ನುತ್ತೇನೆ. ನನಗೆ ಗೊತ್ತು. ನನಗೆ ಬೇಕು. ನನಗೆ ಇಷ್ಟ. ನನಗೆ ನೆನಪಿದೆ. ನನಗೆ ಅರ್ಥವಾಗುತ್ತೆ. ನನಗೆ ಇಬ್ಬರು ಮಕ್ಕಳು. ಎಲ್ಲದರಲ್ಲೂ 'ನಾನು' ಹೋಗಿ 'ನನಗೆ' ಬಂದಿದೆ, ನೋಡಿದಿರಾ? ಇವು ನಾವು ಕೈಯಾರೆ ಮಾಡುವ ಕೆಲಸಗಳಲ್ಲ, ನಮ್ಮಲ್ಲಿ ಇರುವ ಸ್ಥಿತಿಗಳು. ಕನ್ನಡ ಅದನ್ನು ಚತುರ್ಥಿ ವಿಭಕ್ತಿಯಿಂದ ತೋರಿಸುತ್ತದೆ, ಇಂಗ್ಲಿಷ್ 'ಇಂಗ್' ಬಿಟ್ಟು ತೋರಿಸುತ್ತದೆ. 'ನನಗೆ' ಎಂದು ಶುರುವಾದರೆ ಬಹುಪಾಲು 'ಇಂಗ್' ಬೇಡ: ಐ ನೋ, ಐ ವಾಂಟ್, ಐ ಲೈಕ್, ಐ ರಿಮೆಂಬರ್. ಒಂದೆರಡು ಜಾರಿಕೊಳ್ಳುತ್ತವೆ. ನಂಬಿಕೆಯ 'ಬಿಲೀವ್'ಗೆ ಕನ್ನಡದಲ್ಲಿ 'ನಾನು ನಂಬುತ್ತೇನೆ', ಆದರೂ ಅಲ್ಲಿ 'ಇಂಗ್' ಸಲ್ಲದು. ಅಷ್ಟು ಬಿಟ್ಟರೆ ಈ ಉಪಾಯ ಪಟ್ಟಿಗಿಂತ ಹೆಚ್ಚು ದಿನ ತಲೆಯಲ್ಲಿ ಉಳಿಯುತ್ತದೆ.

ಕನ್ನಡ ವ್ಯಾಕರಣ ಎಂದರೆ ಸಂಸ್ಕೃತದ್ದನ್ನೋ ಇಂಗ್ಲಿಷಿನದನ್ನೋ ತಂದು ಹೊದಿಸುವುದಲ್ಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಪುಸ್ತಕದಲ್ಲಿ ವಾದಿಸಿದ್ದಾರೆ. ಅವರ ಬರವಣಿಗೆಯ ಶೈಲಿ ಎಲ್ಲರಿಗೂ ರುಚಿಸುವುದಿಲ್ಲ. ನನಗೆ ಮಾತ್ರ ಆ ವಾದ ಇಂಗ್ಲಿಷ್ ಕಲಿಯುವವರಿಗೇ ಹೆಚ್ಚು ಉಪಕಾರಿ ಎಂದು ಕಾಣುತ್ತದೆ. ತನ್ನ ಭಾಷೆ ಹೇಗೆ ನಡೆಯುತ್ತದೆ ಎಂದು ಬಲ್ಲವನಿಗೆ ಇನ್ನೊಂದು ಭಾಷೆ ಎಲ್ಲಿ ತಿರುಗುತ್ತದೆ ಎಂಬುದು ಬೇಗ ಕಾಣಿಸುತ್ತದೆ.

ಕೆಲಸಕ್ಕೇ ಕುತ್ತು ತರುವ ತಪ್ಪು ಇನ್ನೊಂದಿದೆ. ಇಂಟರ್‌ವ್ಯೂನಲ್ಲಿ ಹವ್ಯಾಸ ಕೇಳಿದರೆ 'ಐ ಯೂಸ್ಡ್ ಟು ರೀಡ್ ಬುಕ್ಸ್' ಎನ್ನುತ್ತಾರೆ. ಹೇಳಬೇಕೆಂದಿರುವುದು 'ಓದ್ತಾ ಇರ್ತೀನಿ'. ಕೇಳುವವರಿಗೆ ತಲುಪುವುದು 'ಒಂದು ಕಾಲದಲ್ಲಿ ಓದ್ತಿದ್ದೆ, ಈಗ ಬಿಟ್ಟಿದ್ದೀನಿ'. 'ಐ ಯೂಸ್ಡ್ ಟು ಕಮ್ ಆನ್ ಟೈಮ್' ಅಂದರಂತೂ ಮುಗಿಯಿತು. ಈಗಲೂ ಮಾಡುವ ಕೆಲಸಕ್ಕೆ ಬರೀ 'ಐ ರೀಡ್', 'ಐ ಕಮ್'. ಅಷ್ಟು ಚಿಕ್ಕದಾಗಿ ಹೇಳಿದರೆ ಇಂಗ್ಲಿಷ್ ಬರದವರಂತೆ ಕಾಣುತ್ತೇವೇನೋ ಎಂಬ ಅಳುಕೇ ಇಂಥ ಎಷ್ಟೋ ತಪ್ಪಿಗೆ ಮೂಲ ಎಂದು ನನ್ನ ಗುಮಾನಿ.

ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಅರ್ಜಿ ತಂದ ಹುಡುಗಿಯೊಬ್ಬಳು ಬರೆದಿದ್ದಳು: 'ಮೈ ಫಾದರ್ ಈಸ್ ಎ ಫಾರ್ಮರ್. ದೇ ಹ್ಯಾವ್ ಟೂ ಏಕರ್ಸ್.' 'ದೇ' ತೆಗೆದು 'ಹೀ' ಹಾಕಿದೆ. ಅವಳು ಮುಖ ಗಂಟಿಕ್ಕಿ, 'ಅಪ್ಪಂಗೆ ಅವನು ಅಂದಂಗಾಗಲ್ವಾ ಅಕ್ಕಾ?' ಅಂದಳು. ಆಗುವುದಿಲ್ಲ. ಇಂಗ್ಲಿಷಿನ 'ಹೀ' ಒಳಗೆ ಅವನೂ ಇದ್ದಾನೆ, ಅವರೂ ಇದ್ದಾರೆ. ಹಾಗಂತ ಇಂಗ್ಲಿಷರಿಗೆ ಬಹುವಚನದ ಗೌರವ ಗೊತ್ತೇ ಇರಲಿಲ್ಲ ಎಂದಲ್ಲ. ಹಿಂದೆ ಅವರಲ್ಲೂ ನೀನು ಎನ್ನಲು 'ದೌ' ಇತ್ತು, ನೀವು ಎನ್ನಲು ಇನ್ನೊಂದಿತ್ತು. ದೊಡ್ಡವರಿಗೆ ನೀವು ಅನ್ನುತ್ತಾ ಅನ್ನುತ್ತಾ ಕೊನೆಗೆ 'ದೌ' ಬಳಕೆಯಿಂದಲೇ ಬಿದ್ದುಹೋಯಿತು. ಉಳಿದ 'ಯೂ' ಆ ನೀವು. ಅದಕ್ಕೇ ಒಬ್ಬರನ್ನು ಕುರಿತು ಹೇಳುವಾಗಲೂ 'ಯೂ ಈಸ್' ಅನ್ನದೆ 'ಯೂ ಆರ್' ಎಂದು ಬಹುವಚನ ಹಚ್ಚುವುದು. ಇಂಗ್ಲಿಷಿನಲ್ಲಿ ನಾಯಿಗೂ ಬಹುವಚನವೇ ಎಂದು ತಿಳಿದು ಆ ಹುಡುಗಿಗೆ ತುಸು ಸಮಾಧಾನವಾಯಿತು.

ಹೌದು, ಅಲ್ಲ ಎಂಬ ಎರಡು ಮಾತಿನಲ್ಲೂ ಎಡವಬಹುದು. ಗಲ್ಫಿಗೆ ಅರ್ಜಿ ಹಾಕಿದ್ದ ನರ್ಸ್ ಒಬ್ಬರಿಗೆ ನನ್ನ ಅಂಗಡಿಯಲ್ಲೇ ಫೋನ್ ಬಂತು. ಆ ಕಡೆಯವರು 'ಡೋಂಟ್ ಯೂ ಹ್ಯಾವ್ ಎ ಪಾಸ್‌ಪೋರ್ಟ್?' ಅಂದರು. ಪಾಸ್‌ಪೋರ್ಟ್ ಇನ್ನೂ ಬಂದಿರಲಿಲ್ಲ. ಈಕೆ 'ಯೆಸ್' ಅಂದರು. ಆ ಕಡೆಯವರು ಇದೆ ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಕನ್ನಡದಲ್ಲಿ 'ಪಾಸ್‌ಪೋರ್ಟ್ ಇಲ್ವಾ?' ಎಂದರೆ 'ಹೌದು, ಇಲ್ಲ' ಅನ್ನಬಹುದು. ನೀವು ಹೇಳಿದ್ದು ನಿಜ, ನನ್ನ ಹತ್ತಿರ ಇಲ್ಲ ಎಂದು ಅರ್ಥ. ನಮ್ಮ 'ಹೌದು' ಕೇಳಿದವರ ಮಾತಿಗೆ ತಲೆಯಾಡಿಸುತ್ತದೆ. ಇಂಗ್ಲಿಷಿನ 'ಯೆಸ್' ಕೇಳಿದವರ ಮುಖ ನೋಡುವುದಿಲ್ಲ, ಸಂಗತಿಯನ್ನು ನೋಡುತ್ತದೆ. ಇದ್ದರೆ 'ಯೆಸ್', ಇಲ್ಲದಿದ್ದರೆ 'ನೋ', ಪ್ರಶ್ನೆ ಹೇಗೇ ಬರಲಿ. ಅನುಮಾನವಾದರೆ 'ಯೆಸ್', 'ನೋ' ಎರಡನ್ನೂ ಬಿಟ್ಟು 'ಐ ಡೋಂಟ್ ಹ್ಯಾವ್ ಒನ್' ಎಂದು ಪೂರ್ತಿ ಹೇಳುವುದು ಕ್ಷೇಮ.

ಸಣ್ಣಪುಟ್ಟವು ದಿನಾ ಬರುತ್ತವೆ. 'ಒನ್ ಆಫ್ ಮೈ ಫ್ರೆಂಡ್' ಎಂದು ಬರೆದವರಿಗೆ 'ಗೆಳೆಯರಲ್ಲಿ ಒಬ್ಬ' ಅನ್ನಿ ಎಂದರೆ ಸಾಕು, 'ರು' ಕೇಳಿದ ಕೂಡಲೇ 'ಫ್ರೆಂಡ್ಸ್' ಬರುತ್ತದೆ. 'ಮ್ಯಾರಿಡ್ ವಿತ್ ಎ ಡಾಕ್ಟರ್' ಬರುವುದು 'ಡಾಕ್ಟರ ಜೊತೆ ಮದುವೆ'ಯಿಂದ. ಅದನ್ನೇ ಹಳ್ಳಿ ಮಾತಿನಂತೆ 'ಡಾಕ್ಟರಿಗೆ ಕೊಟ್ಟಿದ್ದಾರೆ' ಅಂದರೆ 'ಗೆ' ಬಂತು, 'ಮ್ಯಾರಿಡ್ ಟು' ಸಿಕ್ಕಿತು. 'ಡಿಸ್ಕಸ್ ಅಬೌಟ್' ಎಂಬುದರ 'ಅಬೌಟ್' ನಮ್ಮ 'ಬಗ್ಗೆ'ಯ ಕೊಡುಗೆ. 'ವಿಷಯವನ್ನು ಚರ್ಚಿಸಿದರು' ಎಂದು ಪತ್ರಿಕೆಯವರಂತೆ ಯೋಚಿಸಿದರೆ 'ಅಬೌಟ್' ತಾನಾಗಿ ಬಿದ್ದುಹೋಗುತ್ತದೆ. 'ಐ ವಾಸ್ ದೇರ್ ಓನ್ಲಿ' ಎಂಬುದು 'ಅಲ್ಲೇ ಇದ್ದೆ' ಎನ್ನುವ 'ಏ'ಕಾರದ ಅನುವಾದ. ಇಂಗ್ಲಿಷಿಗೆ ಅಂಥ ಅಕ್ಷರವಿಲ್ಲ, ದನಿ ಏರಿಸಿ 'ದೇರ್' ಅನ್ನುತ್ತಾರೆ ಅಷ್ಟೆ. ಸಾಲಕ್ಕೆ ನಮಗೆ ಒಂದೇ ಮಾತು, ಕೊಟ್ಟರೂ ಸಾಲ, ತಗೊಂಡರೂ ಸಾಲ. ಅವರಿಗೆ ಕೊಟ್ಟರೆ 'ಲೆಂಡ್', ತಗೊಂಡರೆ 'ಬಾರೋ'. ಬ್ಯಾಂಕಿನ ಅರ್ಜಿಯಲ್ಲಿ ಇದು ಅದಲುಬದಲಾದರೆ ರೈತನೇ ಮ್ಯಾನೇಜರಿಗೆ ಸಾಲ ಕೊಡಲು ಹೊರಟಂತಿರುತ್ತದೆ. ಬಾಡಿಗೆ ಕರಾರಿನ ಪಟ್ಟಿಯಲ್ಲಿ 'ಫರ್ನಿಚರ್ಸ್' ಎಂದು ಕಂಡರೆ ಕೊನೆಯ 'ಎಸ್' ಅಳಿಸುತ್ತೇನೆ. ಲಗೇಜ್, ಅಡ್ವೈಸ್, ಇನ್ಫರ್ಮೇಷನ್ ಇವೂ ಅದೇ ಜಾತಿ, ಎಷ್ಟಿದ್ದರೂ ಏಕವಚನ.

'ಶಾಲ್' ಎಲ್ಲಿ, 'ವಿಲ್' ಎಲ್ಲಿ ಎಂದು ಕೇಳುವವರು ಹೆಚ್ಚಾಗಿ ಹಳೆಯ ಮೇಷ್ಟ್ರುಗಳ ಶಿಷ್ಯರು. 'ಐ' ಮತ್ತು 'ವಿ' ಬಂದರೆ 'ಶಾಲ್', ಉಳಿದದ್ದಕ್ಕೆ 'ವಿಲ್' ಎಂಬ ನಿಯಮವನ್ನು 1653ರಲ್ಲಿ ಜಾನ್ ವಾಲಿಸ್ ಎಂಬಾತ ಬರೆದಿಟ್ಟ. ಆತ ಗಣಿತಜ್ಞ, ಇಂಗ್ಲಿಷಿಗೆ ವ್ಯಾಕರಣ ಬರೆದದ್ದು ಲ್ಯಾಟಿನ್ನಿನಲ್ಲಿ. ಆ ನಿಯಮ ಹಡಗು ಹತ್ತಿ ನಮ್ಮ ಹೈಸ್ಕೂಲಿನವರೆಗೂ ಬಂತು. ಇವತ್ತು ಎಲ್ಲ ಕಡೆ 'ವಿಲ್' ನಡೆಯುತ್ತದೆ. 'ಶಾಲ್' ಉಳಿದಿರುವುದು 'ಶಾಲ್ ಐ ಕಮ್ ಇನ್?' ಎಂದು ಅಪ್ಪಣೆ ಕೇಳುವಲ್ಲಿ, ಇನ್ನೊಂದು ನನ್ನ ಹೊಟ್ಟೆಪಾಡಿನಲ್ಲಿ. 'ದಿ ಟೆನೆಂಟ್ ಶಾಲ್ ಪೇ' ಎಂದು ಕರಾರಿನಲ್ಲಿ ಬಂದರೆ ಬಾಡಿಗೆದಾರ ಕೊಡುತ್ತಾನೆ ಎಂದಲ್ಲ, ಕೊಡತಕ್ಕದ್ದು ಎಂದು. ಕನ್ನಡದ ಪತ್ರಗಳಲ್ಲಿ ಬರುವ 'ತಕ್ಕದ್ದು' ಅದರ ಜೋಡಿ.

ಇನ್ನು ಕೆಲವನ್ನು ನಾನು ತಿದ್ದುವುದಿಲ್ಲ. 'ಪೋಸ್ಟ್‌ಪೋನ್' ಇದ್ದ ಮೇಲೆ 'ಪ್ರಿಪೋನ್' ಇರಲೇಬೇಕು ಎಂದು ಆ ಪದವನ್ನು ಬಳಕೆಗೆ ತಂದವರು ಭಾರತೀಯರು, ಅದನ್ನು ಆಕ್ಸ್‌ಫರ್ಡ್ ನಿಘಂಟೇ ಒಳಗೆ ಬಿಟ್ಟುಕೊಂಡಿದೆ. 'ಔಟ್ ಆಫ್ ಸ್ಟೇಷನ್' ಎಂಬುದೂ ತಪ್ಪಲ್ಲ. ಬ್ರಿಟಿಷ್ ಅಧಿಕಾರಿಗಳು ತಾವು ಬಿಡಾರ ಹೂಡಿದ ಊರನ್ನು ಸ್ಟೇಷನ್ ಎನ್ನುತ್ತಿದ್ದರು. ಅವರು ಹೋದರು, ಮಾತು ಇಲ್ಲೇ ಉಳಿಯಿತು. ಆದರೆ ಹೊರದೇಶಕ್ಕೆ ಹೋಗುವ ಬಯೋಡೇಟಾದಲ್ಲಿ 'ಪಾಸ್ಡ್ ಔಟ್ ಫ್ರಮ್ ಕಾಲೇಜ್' ಇದ್ದರೆ ಬದಲಿಸುತ್ತೇನೆ. ಅಲ್ಲಿನವರಿಗೆ ಅದು ಮೂರ್ಛೆ ಹೋದ ಹಾಗೆ ಕೇಳಿಸಬಹುದು. 'ಗ್ರ್ಯಾಜುಯೇಟೆಡ್' ಎಂದರೆ ಯಾರಿಗೂ ಗಾಬರಿಯಿಲ್ಲ. ನನಗೆ ನಿಜಕ್ಕೂ ಸಿಟ್ಟು ಬರುವುದು 'ಕೈಂಡ್ಲಿ ಡೂ ದಿ ನೀಡ್‌ಫುಲ್ ಆ್ಯಂಡ್ ರಿವರ್ಟ್ ಬ್ಯಾಕ್ ಆನ್ ದಿ ಸೇಮ್' ಎಂಬ ಗುಮಾಸ್ತರ ಇಂಗ್ಲಿಷಿಗೆ. ವ್ಯಾಕರಣದ ತಪ್ಪು ಅದರಲ್ಲಿ ಹೆಚ್ಚಿಲ್ಲ. ಏನು ಮಾಡಬೇಕು ಎಂಬುದೇ ಅದರಲ್ಲಿಲ್ಲ. ನಲ್ಲಿ ರಿಪೇರಿ ಆಗಬೇಕೋ, ಖಾತೆ ಬದಲಾವಣೆ ಆಗಬೇಕೋ, ಅದನ್ನು ಬರೆಯಿರಿ ಎಂದರೆ 'ಅಷ್ಟು ನೇರವಾಗಿ ಬರೆದರೆ ಸಾಹೇಬರಿಗೆ ಬೇಜಾರಾಗುತ್ತೆ' ಅನ್ನುತ್ತಾರೆ.

ಇಂಗ್ಲಿಷಿಗೇ ಉತ್ತರ ತಿಳಿಯದ ಪ್ರಶ್ನೆಯೂ ಒಂದಿದೆ. 'ನೀನು ನಿಮ್ಮಪ್ಪನಿಗೆ ಎಷ್ಟನೇ ಮಗ?' ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ ಎಂದು ಕಾಲೇಜು ಹುಡುಗರು ವರ್ಷಕ್ಕೊಮ್ಮೆಯಾದರೂ ಬಂದು ಪಂದ್ಯ ಕಟ್ಟುತ್ತಾರೆ. ಅಲ್ಲಿ ಮೊದಲನೇ, ಎರಡನೇ, ಮೂರನೇ ಎಲ್ಲ ಉಂಟು, 'ಎಷ್ಟನೇ' ಒಂದೇ ಇಲ್ಲ. ಎಷ್ಟೇ ತಿಣುಕಿದರೂ ನೆಟ್ಟಗಿನ ಒಂದು ಪದ ಹುಟ್ಟುವುದಿಲ್ಲ. 'ನಿನಗಿಂತ ದೊಡ್ಡವರು ಎಷ್ಟು ಜನ ಅಣ್ಣಂದಿರು?' ಎಂದು ಸುತ್ತು ಹಾಕಿ ಕೇಳಿ ಒಂದು ಕೂಡಿಸಿಕೊಳ್ಳಬೇಕು. ಫಾರಂ ತುಂಬುವವರಿಗೆ ಆ ತಾಪತ್ರಯವೂ ಇಲ್ಲ. ಅಲ್ಲಿ ಪ್ರಶ್ನೆ ಬರೆಯುವುದು ನಮ್ಮ ಕೆಲಸವಲ್ಲ, 'ದಿ ಥರ್ಡ್ ಸನ್' ಎಂದು ಉತ್ತರ ಬರೆದರಾಯಿತು. 'ದಿ' ಮರೆಯಬೇಡಿ, ಮೂರನೆಯವನು ಒಬ್ಬನೇ ತಾನೆ.